ತೂಕದ ಮನುಷ್ಯ

ಬೇರೆಯವರ ಮನೆಯಲ್ಲಿ ತೂಕ ನೋಡುವ ಯಂತ್ರ ಬಚ್ಚಲಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತದೆ. ನಮ್ಮಲ್ಲಿ ಅದರ ಜಾಗ ಮುಂಬಾಗಿಲು, ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಬೇಸಿಗೆ ಬಂತೆಂದರೆ ಶುಕ್ರವಾರ ಸಂಜೆ ನಾನು ಶೂ, ಜಾಕೆಟ್, ಜೇಬಿನ ಫೋನು, ಪರ್ಸು, ಕೀಲಿಗೊಂಚಲು ಎಲ್ಲದರ ಸಮೇತ ಅದರ ಮೇಲೆ ನಿಲ್ಲಬೇಕು. ಹೆಂಡತಿ ಬಗ್ಗಿ ಅಂಕಿ ನೋಡಿ ಪ್ಯಾಡಿನ ಮೇಲೆ ಬರೆದುಕೊಳ್ಳುತ್ತಾಳೆ. ಅದರಲ್ಲಿ ನನ್ನ ಹೆಸರಿಲ್ಲ. 'ಮುಂದಿನ ಬಲ ಸೀಟು' ಅಂತಿದೆ. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ನಾನು ತಲುಪಿರುವ ಸ್ಥಾನಮಾನ ಅದು.

"ಎಂಬತ್ತಾರು," ಅನ್ನುತ್ತಾಳೆ.

"ಬೆಳಿಗ್ಗೆ ಎಂಬತ್ತೈದು ಇತ್ತು ಕಣೇ."

"ಬೆಳಿಗ್ಗೆ ಶೂ ಇರಲಿಲ್ಲ. ಬಿಸಿಬೇಳೆಬಾತೂ ಇರಲಿಲ್ಲ."

"ಎಂಬತ್ತೈದು ಅಂತಲೇ ಬರ್ಕೋ. ಒಂದು ಕಿಲೋ ತಾನೇ, ಅಡ್ಜಸ್ಟ್ ಮಾಡಿದ್ರಾಯ್ತು."

"ಅದನ್ನ ಗಾಳಿಗೆ ಹೇಳಿ."

ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಾಗಿ ಕೂತು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಾಡಿ ಡಿಗ್ರಿ ಮುಗಿಸಿದವನು ನಾನು. ಸ್ವಲ್ಪ ಸರಿದರೆ ಪ್ರಪಂಚದಲ್ಲಿ ಎಲ್ಲರಿಗೂ ಜಾಗವಿದೆ ಅನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಸಂಶಯ ಶುರುವಾದದ್ದು ಹೆಂಡತಿ ವಿಮಾನ ಹಾರಿಸಲು ಕಲಿತ ಮೇಲೆ.

ಅವಳು ಬೆಳೆದದ್ದು ಯಲಹಂಕದಲ್ಲಿ. ಜಕ್ಕೂರಿನ ಫ್ಲೈಯಿಂಗ್ ಸ್ಕೂಲಿನ ಪುಟ್ಟ ವಿಮಾನಗಳು ಅವರ ಮನೆಯ ತಾರಸಿಯ ಮೇಲೆ ಸುತ್ತು ಹಾಕುತ್ತಿದ್ದವಂತೆ. ನಾನೂ ಕಲೀತೀನಿ ಅಂದಾಗ ನಮ್ಮ ಮಾವನವರು, "ಮೊದಲು ಇಂಜಿನಿಯರಿಂಗ್ ಮುಗಿಸು, ಆಮೇಲೆ ನೋಡೋಣ," ಅಂದರಂತೆ. ಹೆಣ್ಣುಮಕ್ಕಳಿಗೆ ಹೇಳಿದ 'ಆಮೇಲೆ' ಮರೆತುಹೋಗುತ್ತದೆ ಅಂತ ಅಪ್ಪಂದಿರು ತಿಳಿದಿರುತ್ತಾರೆ. ಇವಳು ಇಂಜಿನಿಯರಿಂಗ್ ಮುಗಿಸಿ, ಚಿಪ್ ತಯಾರಿಸುವ ಕೆಲಸ ಹಿಡಿದು, ಅಮೆರಿಕದ ಐಡಹೊ ರಾಜ್ಯದ ಬಾಯ್ಸಿ ಊರಿಗೆ ಬಂದು, ನನ್ನನ್ನೂ ಎಳೆದು ತಂದು, ಎಲ್ಲ ಸಾಮಾನು ಜೋಡಿಸಿಟ್ಟ ಮೇಲೆ, 'ಆಮೇಲೆ' ಬಂತು ಅಂದಳು. ಇಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಕಾನೂನಿನ ಪ್ರಕಾರ ಕಡೇಪಕ್ಷ 40 ಗಂಟೆ ಹಾರಾಟ ಬೇಕು, ಹೆಚ್ಚಿನವರಿಗೆ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಅವಳು ಹಾರಲು ಹೋಗುತ್ತಿದ್ದ ಶನಿವಾರಗಳಲ್ಲಿ ಮನೆಯಲ್ಲಿ ಒಬ್ಬನೇ ಇದ್ದು ಬೇಸರವಾಗಿ ನಾನು ಬ್ರೆಡ್ಡು, ಬನ್ನು, ಬೆಣ್ಣೆ ಬಿಸ್ಕತ್ತು ಮಾಡುವುದನ್ನು ಕಲಿತೆ. ಆ ಎರಡು ಹವ್ಯಾಸಗಳು ಒಂದೇ ಸೂರಿನಡಿ ಬೆಳೆಯಬಾರದಿತ್ತು.

ವಿಮಾನ ಅಂದರೆ ನೀವು ಊರಿಂದ ದುಬೈಗೆ ಹತ್ತುವ ವಿಮಾನ ಅಂದುಕೊಳ್ಳಬೇಡಿ. ಇದು ಸೆಸ್ನಾ 172, ನಾಲ್ಕು ಸೀಟು, ಒಂದು ಎಂಜಿನ್ನು. ನಮ್ಮದೂ ಅಲ್ಲ, ಕ್ಲಬ್ಬಿನದು, ಗಂಟೆಗಿಷ್ಟು ಅಂತ ಬಾಡಿಗೆ. ಇದು ನೆಲ ಬಿಡುವಾಗ ಒಟ್ಟು ತೂಕ 2,550 ಪೌಂಡ್, ಅಂದರೆ 1,157 ಕಿಲೋ ಮೀರಬಾರದು ಅಂತ ತಯಾರಕರ ಕಟ್ಟಪ್ಪಣೆ. ಬೆಟ್ಟದಲ್ಲಿ ಹಾರುವುದನ್ನು ಕಲಿಸುವ ಗುರುಗಳು ಅದರಲ್ಲೂ ಹತ್ತನೇ ಒಂದು ಪಾಲು ಬಿಡಿ ಅನ್ನುತ್ತಾರೆ. ಉಳಿದದ್ದು 1,041. ಬರೀ ವಿಮಾನವೇ ಸುಮಾರು 770. ಪೆಟ್ರೋಲು 150 ಲೀಟರ್, ಅದರ ತೂಕ 109. ಮಿಕ್ಕಿದ್ದು 162 ಕಿಲೋ, ಅದರಲ್ಲೇ ಸಂಸಾರ. ಅವಳು 58, ನಾನು 86. ಟೆಂಟು, ಮಲಗುವ ಚೀಲ, ಒಲೆ, ಅಕ್ಕಿ, ಬೇಳೆ, ವಿಮಾನ ಗಾಳಿಗೆ ಹಾರಿಹೋಗದಂತೆ ಕಟ್ಟಿಹಾಕುವ ಹಗ್ಗ ಮತ್ತು ಗೂಟ, ಎಲ್ಲಕ್ಕೂ ಸೇರಿ ಹದಿನೆಂಟು ಕಿಲೋ.

ನನ್ನ ಸೊಂಟದ ಸುತ್ತಳತೆ ಈ ಮನೆಯಲ್ಲಿ ಖಾಸಗಿ ವಿಷಯವಾಗಿ ಉಳಿಯದಿರುವುದು ಇದಕ್ಕೇ. ಒಂದು ದಿನ ಊಟಕ್ಕೆ ಕೂತಾಗ ಅವಳು ಲೆಕ್ಕ ಹಾಕಿ ಹೇಳಿದಳು: "ನೀವು ಹತ್ತು ಕಿಲೋ ಇಳಿದರೆ ಹದಿನಾಲ್ಕು ಲೀಟರ್ ಪೆಟ್ರೋಲು ಹೆಚ್ಚು ಹಾಕಿಸಬಹುದು ರೀ. ಇಪ್ಪತ್ತೈದು ನಿಮಿಷ ಜಾಸ್ತಿ ಹಾರಬಹುದು." ಹಗಲು ಹೊತ್ತಿನಲ್ಲಿ ಹಾರುವವರು ಅರ್ಧ ಗಂಟೆಗಾಗುವಷ್ಟು ಪೆಟ್ರೋಲು ಮೀಸಲು ಇಟ್ಟುಕೊಂಡಿರಬೇಕು ಅಂತ ಇಲ್ಲಿ ಕಾಯಿದೆ. ಹೆಚ್ಚುಕಡಿಮೆ ಅಷ್ಟನ್ನು ನಾನು ಬೆಲ್ಟಿನ ಮೇಲೆ ಹೊತ್ತು ತಿರುಗುತ್ತಿದ್ದೇನೆ, ಉರಿಸಲು ಬರುವುದಿಲ್ಲ ಅನ್ನುವುದೊಂದೇ ಕೊರತೆ.

ಹೋಗುವುದಾದರೂ ಎಲ್ಲಿಗೆ? ಐಡಹೊದ ನಡುಮಧ್ಯದಲ್ಲಿ 23 ಲಕ್ಷ ಎಕರೆಗೂ ಮಿಕ್ಕಿದ ಕಾಡಿದೆ. ಹೆಸರು ಫ್ರಾಂಕ್ ಚರ್ಚ್ ರಿವರ್ ಆಫ್ ನೋ ರಿಟರ್ನ್ ವಿಲ್ಡರ್ನೆಸ್. ಫ್ರಾಂಕ್ ಚರ್ಚ್ ಈ ರಾಜ್ಯದ ಸೆನೆಟರ್ ಆಗಿದ್ದವರು, ವಾಪಸ್ ಬರಲಾಗದ ನದಿ ಅನ್ನಿಸಿಕೊಂಡದ್ದು ಸಾಮನ್. ನೀರಿನ ರಭಸಕ್ಕೆ ದೋಣಿ ಕೆಳಗೆ ಹೋಗಬಹುದಿತ್ತೇ ಹೊರತು ಮೇಲಕ್ಕೆ ಬರುವಂತಿರಲಿಲ್ಲ. 1805ರ ಆಗಸ್ಟ್‌ನಲ್ಲಿ ವಿಲಿಯಂ ಕ್ಲಾರ್ಕ್ ಇದರ ದಡದಲ್ಲಿ ಒಂದಷ್ಟು ದೂರ ನಡೆದು ನೋಡಿ, ಇದು ನಮ್ಮಿಂದಾಗದ ಕೆಲಸ ಅಂತ ಹಿಂದಿರುಗಿದ. ಕ್ಲಾರ್ಕ್ ವಿವೇಕಿ. ಅವನ ಜೊತೆ ನನ್ನ ಹೆಂಡತಿ ಇರಲಿಲ್ಲ.

ಈ ಕಾಡಿನೊಳಗೆ ರಸ್ತೆ ಮಾಡುವಂತಿಲ್ಲ. 1964ರ ಕಾನೂನಿನ ಪ್ರಕಾರ ಮೋಟಾರು ಗಾಡಿ ತರುವಂತಿಲ್ಲ, ಅರಣ್ಯ ಇಲಾಖೆಯವರೇ ಬಿದ್ದ ಮರವನ್ನು ಇಬ್ಬರು ಎಳೆಯುವ ಗರಗಸದಲ್ಲಿ ಕುಯ್ಯುತ್ತಾರೆ. ಸೈಕಲ್ಲು ಸಹ ನಿಷಿದ್ಧ. ಆದರೆ ವಿಮಾನ ಇಳಿಸಬಹುದು! ದನ ಸಾಕುವವರು, ಗಣಿಯವರು, ಅರಣ್ಯದವರು ಮೊದಲೇ ಮಾಡಿಕೊಂಡಿದ್ದ ಹುಲ್ಲಿನ ಪಟ್ಟಿಗಳನ್ನು ಸುಮ್ಮಸುಮ್ಮನೆ ಮುಚ್ಚಬಾರದು ಅಂತ 1980ರಲ್ಲಿ ಇದನ್ನು ವಿಲ್ಡರ್ನೆಸ್ ಮಾಡಿದ ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಕೆಲವು ಒಂಟಿ ಮನೆಗಳಿಗೆ ಅಂಚೆಯೂ ವಿಮಾನದಲ್ಲೇ. ನನಗೆ ಸೈಕಲ್ ತುಳಿಯಲು ಬರುತ್ತದೆ, ಅದರಲ್ಲಿ ನನ್ನನ್ನು ಯಾರೂ ತೂಗುವುದಿಲ್ಲ. ಅದಕ್ಕೇ ಇರಬೇಕು, ಅದನ್ನು ಕಾಡಿನೊಳಗೆ ಬಿಟ್ಟಿಲ್ಲ.

ಹೆಂಡತಿಯ ತಲೆದಿಂಬಿನ ಪಕ್ಕ ಇರುವ ಪುಸ್ತಕ ಗೇಲೆನ್ ಹ್ಯಾನ್ಸಲ್‌ಮನ್ ಅವರ 'ಫ್ಲೈ ಐಡಹೊ!'. ಈ ಸ್ಟ್ರಿಪ್ಪುಗಳಿಗೆಲ್ಲ ಅದರಲ್ಲಿ ನಕ್ಷೆ, ಚಿತ್ರ, ಜೊತೆಗೆ ಯಾವುದು ಎಷ್ಟು ಅಪಾಯ ಅಂತ ಅಂಕ. ನಾನು ಅಂಕ ಕಡಿಮೆ ಇರುವ ಪುಟಗಳಲ್ಲಿ ಕಿವಿ ಮಡಚಿಡುತ್ತೇನೆ, ಅವಳು ಹೆಚ್ಚಿರುವ ಪುಟಗಳಲ್ಲಿ. ಡ್ಯೂವಿ ಮೂರ್, ಮೈಲ್ ಹೈ, ಸೈಮಂಡ್ಸ್, ವೈನ್ಸ್ ಅಂತ ನಾಲ್ಕು ಸ್ಟ್ರಿಪ್ಪುಗಳಿವೆ, ಬಿಗ್ ಕ್ರೀಕ್ ಹಳ್ಳದ ಆಸುಪಾಸಿನಲ್ಲಿ. ಇಳಿಜಾರಿಗೆ ಅಂಟಿಸಿದ ತುಂಡು ನೆಲ. ಇಂಥ ಕಡೆ ಗುಡ್ಡ ಹತ್ತುವ ದಿಕ್ಕಿನಲ್ಲೇ ಇಳಿಯಬೇಕು, ಇಳಿಜಾರಿನ ದಿಕ್ಕಿನಲ್ಲೇ ಹಾರಬೇಕು. ಒಂದು ಹಂತ ದಾಟಿದ ಮೇಲೆ "ಬೇಡ, ಇನ್ನೊಂದು ಸುತ್ತು ಹೊಡೆದು ಬರೋಣ" ಅನ್ನುವ ಅವಕಾಶವಿಲ್ಲ. ಆ ಫೋಟೋಗಳನ್ನು ಅವಳು ನೋಡುವ ನೋಟವಿದೆಯಲ್ಲ, ಆ ನೋಟದಲ್ಲಿ ಅವಳು ನನ್ನ ಫೋಟೋ ನೋಡಿದ್ದರೆ ನಮ್ಮದು ಪ್ರೇಮವಿವಾಹ ಆಗಿರುತ್ತಿತ್ತು.

ಬರೀ ಲೈಸೆನ್ಸ್ ಹಿಡಿದು ಯಾರೂ ಈ ಕಣಿವೆಗಳಿಗೆ ನುಗ್ಗುವುದಿಲ್ಲ. ಮೆಕಾಲ್ ಎಂಬ ಸರೋವರದ ಊರಿನಲ್ಲಿ ಅದಕ್ಕೇ ಬೇರೆ ಪಾಠ ಆಗುತ್ತದೆ. ಅಲ್ಲಿ ಅವಳಿಗೆ ಮೊದಲು ಹೇಳಿಕೊಟ್ಟದ್ದು ಕಣಿವೆಯ ನಡುವೆ ಹಾರಬಾರದು ಅಂತ. ಯಾವುದಾದರೂ ಒಂದು ಪಕ್ಕಕ್ಕೆ ಸರಿದು ಹೋಗುತ್ತಿರಬೇಕು, ಆಗ ಮುಂದೆ ದಾರಿ ಮುಚ್ಚಿದ್ದರೆ ತಿರುಗಿಸಿಕೊಂಡು ಬರಲು ಇಡೀ ಅಗಲ ಸಿಗುತ್ತದೆ, ನಡುವೆ ಇದ್ದವನಿಗೆ ಎರಡೂ ಕಡೆ ಅರ್ಧರ್ಧವೇ. ಇದನ್ನು ಕೇಳಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಮ್ಮ ಮತ್ತು ಹೆಂಡತಿಯ ನಡುವೆ ನಾನು ಇಷ್ಟು ವರ್ಷ ಹಾರಿದ್ದೆಲ್ಲ ನಟ್ಟನಡುವೆಯೇ.

ಸರಕಾಗಿ ಹೋಗುವವನಿಗೂ ಒಬ್ಬ ಆದರ್ಶಪುರುಷ ಬೇಕಲ್ಲ. ನನ್ನವನ ಹೆಸರು ಜೆರೋನಿಮೊ. ಅವನು ಬೀವರ್, ಹಳ್ಳಕ್ಕೆ ಅಡ್ಡ ಕಟ್ಟೆ ಕಟ್ಟುವ, ದೊಡ್ಡ ಹಲ್ಲಿನ ಪ್ರಾಣಿ. 1948ರಲ್ಲಿ ಮೆಕಾಲ್ ಕಡೆ ಬೀವರುಗಳ ಕಾಟ ಜಾಸ್ತಿಯಾಗಿ, ಅವನ್ನು ಈ ಕಾಡಿನ ಚೇಂಬರ್ಲೇನ್ ಬಯಲಿಗೆ ಸಾಗಿಸಬೇಕೆಂದು ರಾಜ್ಯದ ವನ್ಯಜೀವಿ ಇಲಾಖೆ ನಿರ್ಧರಿಸಿತು. ಹೇಸರಗತ್ತೆಯ ಮೇಲೆ ಹೇರಿದರೆ ಬಿಸಿಲಿಗೆ ಬೀವರೂ ಕಂಗಾಲು, ಬೆನ್ನ ಮೇಲೆ ಕಚಪಚ ಅನ್ನುವುದಕ್ಕೆ ಕತ್ತೆಯೂ ಕಂಗಾಲು. ಎಲ್ಮೊ ಹೀಟರ್ ಎಂಬ ಅಧಿಕಾರಿ, ಮಹಾಯುದ್ಧ ಮುಗಿದು ಮಿಕ್ಕಿದ್ದ ಪ್ಯಾರಾಚೂಟುಗಳನ್ನು ತರಿಸಿ, ನೆಲ ಮುಟ್ಟಿದೊಡನೆ ತೆರೆದುಕೊಳ್ಳುವ ಮರದ ಪೆಟ್ಟಿಗೆ ಮಾಡಿಸಿದರು. ಪೆಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತದೋ ಅಂತ ನೋಡಲು ಒಬ್ಬ ವಯಸ್ಸಾದ ಗಂಡನ್ನು ಹಿಡಿದರು. ಅವನೇ ಜೆರೋನಿಮೊ. ಅವನನ್ನು ಮೈದಾನದ ಮೇಲೆ ಮತ್ತೆ ಮತ್ತೆ ಇಳಿಬಿಟ್ಟರು. ಪಾಪ, ಪೆಟ್ಟಿಗೆಯಿಂದ ಹೊರಗೆ ತೆವಳಿದೊಡನೆ ಯಾರೋ ಬಂದು ಎತ್ತಿಕೊಳ್ಳುತ್ತಿದ್ದರು. ಕೊನೆಕೊನೆಗೆ ಅವನು ಜನ ಹತ್ತಿರ ಬರುವುದನ್ನು ಕಂಡರೆ ತಾನೇ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತಿದ್ದನಂತೆ. ಒಟ್ಟು 76 ಬೀವರುಗಳು ಹೀಗೆ ಆಕಾಶದಿಂದ ಇಳಿದವು, ಒಂದು ಸತ್ತಿತು, ಉಳಿದವು ಕಟ್ಟೆ ಕಟ್ಟಿಕೊಂಡು ಸಂಸಾರ ಹೂಡಿದವು.

ಈ ಕಥೆಯನ್ನು ಹೆಂಡತಿ ಹೇಳಿದ್ದು ನನಗೆ ಧೈರ್ಯ ಬರಲಿ ಅಂತ. ನನಗೆ ಬಂದದ್ದು ಧೈರ್ಯವಲ್ಲ, ಬಂಧುಪ್ರೇಮ. ಈಗ ಅವಳು ಹ್ಯಾಂಗರಿನ ಕೀಲಿ ಕೈಗೆತ್ತಿಕೊಂಡರೆ ನಾನು ಮಾತಿಲ್ಲದೆ ಎದ್ದು ತೂಕದ ಯಂತ್ರದ ಮೇಲೆ ನಿಲ್ಲುತ್ತೇನೆ. ಅಂದಹಾಗೆ ಜೆರೋನಿಮೊನ ತಾಳ್ಮೆಗೆ ಬಹುಮಾನವಾಗಿ, ಕಾಡಿಗೆ ಹೋದ ಮೊದಲ ವಿಮಾನದಲ್ಲೇ ಅವನಿಗೆ ಜಾಗ ಕೊಟ್ಟು ಜೊತೆಗೆ ಮೂರು ಹರೆಯದ ಹೆಣ್ಣು ಬೀವರುಗಳನ್ನು ಕಳಿಸಿದರಂತೆ. ಈ ಭಾಗವನ್ನು ಹೆಂಡತಿ ಹೇಳಲಿಲ್ಲ. ನಾನೇ ಓದಿ ತಿಳಿದುಕೊಂಡೆ.

ಇಂಥ ಮನೆಗೆ ಹೋದ ವರ್ಷ ತೀರ್ಥಹಳ್ಳಿಯಿಂದ ಅಮ್ಮ ಬಂದಳು.

ಅಮ್ಮನಿಗೆ ವಿಮಾನದ ತೂಕದ ನಿಯಮ ಚೆನ್ನಾಗಿಯೇ ಗೊತ್ತಿತ್ತು: ಇಪ್ಪತ್ತಮೂರು ಕಿಲೋದ ಎರಡು ಸೂಟ್‌ಕೇಸು, ಕೈಚೀಲ ಬೇರೆ. ಹೆಚ್ಚಾದದ್ದನ್ನು ಮೈಮೇಲೆ ಹಾಕಿಕೊಳ್ಳುವುದು. ಹಾಗೆ ಎರಡು ಸ್ವೆಟರು, ಅದರ ಜೇಬುಗಳಲ್ಲಿ ಒಣದ್ರಾಕ್ಷಿ, ಏಲಕ್ಕಿ ಮತ್ತು ಒಂದು ಒಗ್ಗರಣೆ ಸೌಟು ತುಂಬಿಕೊಂಡು ಬೆಂಗಳೂರಿಂದ ಅಮೆರಿಕದವರೆಗೆ ಬಂದವಳು ಅವಳು. ಕ್ಯಾಂಪಿಂಗಿಗೆ ಹೊರಡುವ ಹಿಂದಿನ ಸಂಜೆ ಅದೇ ಸ್ವೆಟರು ಹಾಕಿಕೊಂಡು, ಜೇಬು ಉಬ್ಬಿಸಿಕೊಂಡು, ನನಗೆ ಕಣ್ಣು ಮಿಟುಕಿಸಿ ಬಂದು ನಿಂತಳು. ಸೊಸೆ ಅವಳನ್ನು ಮೆಲ್ಲಗೆ ತೋಳು ಹಿಡಿದು ಯಂತ್ರದ ಮೇಲೆ ನಿಲ್ಲಿಸಿದಳು.

"ಇದೆಂತದೇ, ಮನುಷ್ಯರನ್ನೂ ತೂಗ್ತಾರಾ?"

"ಹೂಂ ಅತ್ತೆ, ಜೇಬು ಸಮೇತ."

ನಾನು ಒಳಗೊಳಗೇ ಹಿಗ್ಗಿದೆ. ಈಗ ಮಾತು ಬೆಳೆಯುತ್ತದೆ, ನಾನು ನಡುವೆ ಹೋಗಿ ಅಡ್ಜಸ್ಟ್ ಮಾಡಿಸುತ್ತೇನೆ, ಎರಡು ಕಡೆಯೂ ಮರ್ಯಾದೆ ಸಿಗುತ್ತದೆ. ಆದರೆ ಅಮ್ಮ ಅಡಿಕೆ ಮಾರಿ ಸಂಸಾರ ನಡೆಸಿದವಳು ಅನ್ನುವುದು ಮರೆತೇಹೋಗಿತ್ತು. ಮಂಡಿಯಲ್ಲಿ ತೂಕದವನು ಚೀಲಕ್ಕೆ ಕಾಲು ಕಿಲೋ ನುಂಗಿದರೂ ಅಲ್ಲೇ ನಿಂತು ಮತ್ತೆ ತೂಗಿಸುತ್ತಿದ್ದ ಹೆಂಗಸು. ಕೆಳಗಿಳಿದು ಜೇಬುಗಳನ್ನು ಒಂದೊಂದಾಗಿ ಖಾಲಿ ಮಾಡಿ, ಸೊಸೆಯ ಪ್ಯಾಡು ತೆಗೆದುಕೊಂಡು, ಕನ್ನಡಕ ಏರಿಸಿ ಪೂರಾ ಲೆಕ್ಕ ಓದಿದಳು.

"ನಿಂದೇ ಜಾಸ್ತಿ ಆಗಿರದಲ್ಲನಾ," ಅಂದಳು ನನ್ನನ್ನು ನೋಡಿ.

ಅವತ್ತಿನಿಂದ ಮನೆಯಲ್ಲಿ ತಕ್ಕಡಿಯ ಪಕ್ಷ ಎರಡು ಮತ, ನನ್ನದು ಒಂದು. ಅತ್ತೆಸೊಸೆ ರಾತ್ರಿ ಹತ್ತರವರೆಗೆ ನೆಲದ ಮೇಲೆ ಕೂತು, ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗಲು ಇಟ್ಟಿದ್ದ ಕೊಕ್ಕೆಯ ತಕ್ಕಡಿಗೆ ಒಂದೊಂದು ಚೀಲವನ್ನೂ ತೂಗುಹಾಕಿ ನೋಡಿದರು. ಮೂವರಿಗೂ ಸೇರಿ ಸಾಮಾನು ಮೂವತ್ತು ಕಿಲೋ. ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಬಸಿದು ಮಿಡಿ ಮಾತ್ರ ತೆಗೆದುಕೊಳ್ಳುವುದು ಅಂತ ತೀರ್ಮಾನವಾದಾಗ ನನ್ನ ಕಣ್ಣಲ್ಲಿ ನೀರು ಬಂತು, ಅವರಿಬ್ಬರೂ ನೋಡಲಿಲ್ಲ. ನನ್ನ ಗಾಳಿ ತುಂಬುವ ಹಾಸಿಗೆ ಹೋಯಿತು. ಮಡಚುವ ಕುರ್ಚಿ ಹೋಯಿತು. ಓದೋಣ ಅಂತ ಇಟ್ಟುಕೊಂಡಿದ್ದ ದಪ್ಪ ಕಾದಂಬರಿಯನ್ನು ಅಮ್ಮ ಕೈಯಲ್ಲಿ ತೂಗಿ, "ಇದನ್ನ ನೀ ಹೋದ್ಸಲ ಊರಿಗೆ ಬಂದಾಗ್ಲೂ ತಂದಿದ್ದೆ, ಓದ್ಲಿಲ್ಲ," ಅಂತ ಪಕ್ಕಕ್ಕಿಟ್ಟಳು.

ಜಗಳ ಆದದ್ದು ಕುಕ್ಕರ್ ವಿಷಯಕ್ಕೆ ಒಂದೇ. ಮೂರು ಲೀಟರಿನದು, ಎರಡು ಕಿಲೋದ ಆಚೀಚೆ. ಹೆಂಡತಿ, ಹಗುರದ ಟೈಟಾನಿಯಂ ಪಾತ್ರೆ ಇದೆಯಲ್ಲ ಅಂದಳು. ಅಮ್ಮ ಒಪ್ಪಲಿಲ್ಲ. ಕೊನೆಗೆ ರಾಜಿಯಾದದ್ದು ಹೇಗೆಂದರೆ, ಕುಕ್ಕರಿನ ಎರಡು ಕಿಲೋಗೆ ಬದಲಾಗಿ ನನ್ನ ಬಟ್ಟೆ ಚೀಲ.

ಬೆಳಿಗ್ಗೆ ಐದಕ್ಕೆಲ್ಲ ನಾವು ನ್ಯಾಂಪಾ ಊರಿನ ಹ್ಯಾಂಗರಿನಲ್ಲಿದ್ದೆವು. ಅಷ್ಟು ಬೇಗ ಯಾಕೆಂದರೆ, ಈ ಹಾರಾಟದ ಅಸಲು ಶತ್ರು ಬಿಸಿಲು. ಗಾಳಿ ಕಾದಷ್ಟೂ ತೆಳ್ಳಗಾಗುತ್ತದೆ, ತೆಳ್ಳಗಿನ ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಸಾಲದು, ಎಂಜಿನ್ನಿಗೆ ಉಸಿರು ಸಾಲದು. ಐದು ಸಾವಿರ ಅಡಿ ಎತ್ತರದ ಸ್ಟ್ರಿಪ್ಪಿನಲ್ಲಿ ಮಧ್ಯಾಹ್ನ 30 ಡಿಗ್ರಿ ಬಿಸಿಲಿದ್ದರೆ ವಿಮಾನಕ್ಕೆ ಎಂಟು ಸಾವಿರ ಅಡಿಯಲ್ಲಿದ್ದ ಹಾಗೆ ಆಗುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 6,300 ಅಡಿ ಚಿಲ್ಲರೆ. ಜೊತೆಗೆ ಹೊತ್ತೇರಿದಂತೆ ಕಣಿವೆಗಳಲ್ಲಿ ಗಾಳಿಯೂ ಏಳುತ್ತದೆ. ಹಾಗಾಗಿ ಈ ಕಡೆಯ ಪೈಲಟ್ಟುಗಳು ಬೆಳಗಿನ ಹತ್ತು ಹನ್ನೊಂದರೊಳಗೆ ಕೆಲಸ ಮುಗಿಸಿ ಮರದ ನೆರಳು ಸೇರುತ್ತಾರೆ. ಬೆಳಿಗ್ಗೆ ಹಾರಿ ಸಲ್ಫರ್ ಕ್ರೀಕ್ ಎಂಬಲ್ಲಿ ತಿಂಡಿಗೆಂದೇ ಇಳಿಯುವವರಿದ್ದಾರೆ. ಒಮ್ಮೆ ನಾವೂ ಹೋಗಿದ್ದೆವು. ಪ್ಯಾನ್‌ಕೇಕಿಗೆ ಇನ್ನೊಮ್ಮೆ ಕೈ ಚಾಚಿದಾಗ ಎದುರಿಂದ ಬಂದ ನೋಟದಲ್ಲಿ ಕಿಲೋಗ್ರಾಂ ಇತ್ತು.

ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದು ಕಿವಿಗೆ ಹೆಡ್‌ಸೆಟ್ ಹಾಕಿದೆವು. ಹಿಂದೆ ನಾನು ಕೂರುವಂತಿಲ್ಲ, ಬಾಲ ಭಾರವಾದರೆ ಅದು ಬೇರೆಯೇ ಅಪಾಯ. ಸುಮಾರು ಒಂದು ಗಂಟೆಯ ದಾರಿ. ಹೊಲಗಳು ಮುಗಿದು ಗುಡ್ಡ ಶುರುವಾಗಿ, ಗುಡ್ಡದ ಹಿಂದೆ ಗುಡ್ಡ, ಕಣ್ಣು ಹಾಯುವಷ್ಟು ದೂರ ಪೈನು, ಸುಟ್ಟು ಬರಲಾದ ಕಾಡು, ತಳದಲ್ಲಿ ಬೆಳ್ಳಗೆ ಒಂದು ಹಳ್ಳ. ಅಮ್ಮ ಮಾತೇ ಆಡಲಿಲ್ಲ. ಹೆದರಿದ್ದಾಳೇನೋ ಅಂತ ತಿರುಗಿ ನೋಡಿದರೆ ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ಹೆದರಿದ್ದವನು ಬೇರೆ. ಸೀಟಿನ ಅಡಿಯ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರೆ ವಿಮಾನ ಬೀಳುವುದಿಲ್ಲ ಅನ್ನುವುದು ಅನುಭವದಿಂದ ಕಂಡುಕೊಂಡ ಸತ್ಯ. ನಾನು ಹಿಡಿದುಕೊಂಡಾಗಲೆಲ್ಲ ಅದು ಬಿದ್ದಿಲ್ಲ.

ನಾವು ಹೊರಟಿದ್ದು ಜಾನ್ಸನ್ ಕ್ರೀಕಿಗೆ. ಅದು ಯೆಲ್ಲೊ ಪೈನ್ ಎಂಬ ಪುಟ್ಟ ಊರಿನ ಹತ್ತಿರ, ವಿಲ್ಡರ್ನೆಸ್ಸಿನ ಅಂಚಿಗೆ ಇರುವ ಸ್ಟ್ರಿಪ್ಪು. ರಾಜ್ಯ ಸರ್ಕಾರದ್ದು. 3,400 ಅಡಿ ಉದ್ದದ ಹುಲ್ಲು. ಬಾಯ್ಸಿಯ ದೊಡ್ಡ ವಿಮಾನ ನಿಲ್ದಾಣದ ರನ್‌ವೇ ಹೆಚ್ಚುಕಡಿಮೆ ಇದರ ಮೂರರಷ್ಟು. ಇಲ್ಲೆಲ್ಲೂ ಕಂಟ್ರೋಲ್ ಟವರ್ ಇಲ್ಲ. 122.9 ಅನ್ನುವ ಒಂದೇ ಫ್ರೀಕ್ವೆನ್ಸಿಯಲ್ಲಿ ಆ ಸೀಮೆಯ ಪೈಲಟ್ಟುಗಳೆಲ್ಲ ನಾನು ಇಂಥಲ್ಲಿದ್ದೇನೆ, ಇಂಥ ಕಡೆ ಹೊರಟಿದ್ದೇನೆ ಅಂತ ಕೂಗಿ ಹೇಳುತ್ತಿರುತ್ತಾರೆ. ಹೆಂಡತಿಯೂ ಹೇಳಿದಳು. ಕಣಿವೆ ಕಿರಿದಾಗುತ್ತ ಬಂತು, ಎರಡೂ ಪಕ್ಕದ ಮರಗಳು ನಮಗಿಂತ ಮೇಲಾದವು, ಹಸಿರು ಪಟ್ಟಿ ಎದುರಿಗೆ ಬಂತು. ಅದರ ಅಂಚಿನಲ್ಲಿ ಎರಡು ಜಿಂಕೆ ಮೇಯುತ್ತಿದ್ದವು, ತಲೆ ಎತ್ತಿ ನಮ್ಮನ್ನು ನೋಡಿ, ಪರವಾಗಿಲ್ಲ ಅನ್ನುವಂತೆ ಮತ್ತೆ ತಲೆ ತಗ್ಗಿಸಿದವು. ಇನ್ನೇನು ಚಕ್ರ ಮುಟ್ಟಬೇಕು, ಎಡ ರೆಕ್ಕೆಯ ಕಡೆಯಿಂದ 'ಪೀಂ' ಅಂತ ಶಬ್ದ ಬಂತು. ವೇಗ ಇಳಿದು ರೆಕ್ಕೆ ಇನ್ನು ಹೊರಲಾರೆ ಅನ್ನುವಾಗ ಕೂಗುವ ಪೀಪಿ ಅದು. ಚೆನ್ನಾಗಿ ಇಳಿಸುವವರು ಕೂಗಿಸಿಯೇ ಇಳಿಸುತ್ತಾರೆ.

"ಒಂದು ವಿಶಲ್ ಆತು," ಅಂದಳು ಅಮ್ಮ ಹಿಂದಿನಿಂದ.

ರೆಕ್ಕೆಯ ಕೆಳಗೆ ಟೆಂಟು ಹೂಡಿದೆವು. ಮಧ್ಯಾಹ್ನದ ಅಡುಗೆಗೆ ಹೆಂಡತಿ ತನ್ನ ಟೈಟಾನಿಯಂ ಪಾತ್ರೆ ಇಟ್ಟು ಅಕ್ಕಿ ಹಾಕಿದಳು. ಅದು ಕುದಿಯಿತು, ಕುದಿಯಿತು, ಕುದಿಯುತ್ತಲೇ ಇತ್ತು. ಅಗುಳು ಹಿಸುಕಿದರೆ ನಡುವೆ ಸುಣ್ಣದ ಚುಕ್ಕೆ. ಆ ಎತ್ತರದಲ್ಲಿ ನೀರು ನೂರು ಡಿಗ್ರಿ ಮುಟ್ಟುವುದೇ ಇಲ್ಲ, ತೊಂಬತ್ತೈದಕ್ಕೇ ಕುದಿದುಬಿಡುತ್ತದೆ. ತೊಗರಿಬೇಳೆಯನ್ನಂತೂ ಕೇಳುವುದೇ ಬೇಡ. ಅಮ್ಮ ಏನೂ ಹೇಳಲಿಲ್ಲ. ಕುಕ್ಕರ್ ತಂದು, ಅದೇ ಅಕ್ಕಿಯನ್ನು ಅದಕ್ಕೆ ಸುರಿದು, ಬೇಳೆಗೆ ಇನ್ನೊಂದು ಡಬ್ಬಿ ಇಟ್ಟು, ಮುಚ್ಚಳ ತಿರುಗಿಸಿದಳು. ಎಂಜಿನಿಯರು ಸೊಸೆ ಪಕ್ಕದಲ್ಲಿ ಕೂತು, "ಒತ್ತಡ ಕಡಿಮೆ ಅಂದ್ರೆ ಕುದಿಯೋ ಬಿಂದು ಕೆಳಗೆ ಬರತ್ತೆ ಅತ್ತೆ, ನಂಗೆ ಹೊಳೀಲೇ ಇಲ್ಲ," ಅಂದಳು. "ಅದೆಲ್ಲ ನಂಗೆ ಗೊತ್ತಿಲ್ಲ ಮಾರಾಯ್ತಿ, ಕೊಡಚಾದ್ರಿ ಮೇಲೆ ಅನ್ನ ಬೇಯಕ್ಕೆ ತಡ ಆಗ್ತಿತ್ತು," ಅಂದಳು ಅಮ್ಮ. ಮೊದಲ ವಿಶಲ್ ಆ ಕಣಿವೆಯಲ್ಲಿ ಎರಡು ಗುಡ್ಡಕ್ಕೆ ಬಡಿದು ವಾಪಸ್ ಬಂತು. ಆಚೆ ಟೆಂಟುಗಳಿಂದ ಮೂರು ತಲೆ ಹೊರಬಂದವು.

ಎರಡು ದಿನ ಬಹಳ ಚೆನ್ನಾಗಿತ್ತು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ, ಸುಖದಲ್ಲಿ ಹಾಸ್ಯ ಕಡಿಮೆ. ಹಳ್ಳದ ಪಕ್ಕದ ದಾರಿ ಹಿಡಿದು ನಡೆದೆವು, ಮೂರು ಮೈಲಿ ದೂರದ ಯೆಲ್ಲೊ ಪೈನಿಗೂ ನಡೆದೆವು. ಪೈಲಟ್ಟುಗಳಿಗೆಂದೇ ಇಟ್ಟಿರುವ ಹಳೆಯ ಕಾರಿದೆ, ಆದರೂ ನನ್ನನ್ನು ನಡೆಸುವ ವಿಷಯದಲ್ಲಿ ಮನೆಯವರಿಬ್ಬರಿಗೂ ಒಮ್ಮತವಿತ್ತು. ಬಿಸಿನೀರಿನ ಬುಗ್ಗೆ ಕಂಡು ಅಮ್ಮ, ಪುತ್ತೂರಿನ ಹತ್ತಿರದ ಬೆಂದ್ರ್ ತೀರ್ಥಕ್ಕೆ ಹೋದದ್ದನ್ನು ನೆನೆದು, ನೀರು ತಲೆಗೆ ಪ್ರೋಕ್ಷಿಸಿಕೊಂಡು, ಇದಕ್ಕೊಂದು ದೇವಸ್ಥಾನ ಯಾಕೆ ಕಟ್ಟಿಲ್ಲ ಅಂತ ನನ್ನನ್ನು ವಿಚಾರಿಸಿದಳು. ರಾತ್ರಿ ಕರಡಿ ಬಾರದಿರಲೆಂದು ತಿನ್ನುವ ಪದಾರ್ಥವನ್ನೆಲ್ಲ ಚೀಲಕ್ಕೆ ತುಂಬಿ ದೂರದ ಮರಕ್ಕೆ ಎತ್ತರದಲ್ಲಿ ಕಟ್ಟಬೇಕು. ರಸ ಕಳೆದುಕೊಂಡ ಅಪ್ಪೆಮಿಡಿ ಐಡಹೊದ ಪೈನ್ ಮರದಲ್ಲಿ ನೇತಾಡಿತು. ಕರಡಿ ಬರಲಿಲ್ಲ, ಬಂದಿದ್ದರೂ ಅದಕ್ಕೆ ನಮ್ಮ ಖಾರ ತಡೆಯುತ್ತಿರಲಿಲ್ಲ.

ಹೊರಡುವ ಬೆಳಿಗ್ಗೆ ಹೆಂಡತಿ ಮತ್ತೆ ಪ್ಯಾಡು ತೆಗೆದಳು. ಇಳಿಯುವುದಕ್ಕಿಂತ ಏರುವುದು ಕಷ್ಟ. ಈ ಕಣಿವೆಗಳಲ್ಲಿ ಸಲೀಸಾಗಿ ಇಳಿದು, ಏರಲಾಗದೆ ಸಿಕ್ಕಿಕೊಂಡವರಿದ್ದಾರೆ. ನ್ಯಾಂಪಾದಲ್ಲಿ ತಗ್ಗು ನೆಲ, ಉದ್ದ ಡಾಂಬರು, ಅಲ್ಲಿ ಅವಳು ತಯಾರಕರ ಮಿತಿಗೆ ಒಪ್ಪಿದ್ದಳು. ಇಲ್ಲಿ ಗುರುಗಳ ಮಿತಿ. ಉರಿದ ಪೆಟ್ರೋಲು ಕಳೆದರೂ ಲೆಕ್ಕ ನಲವತ್ತು ಕಿಲೋ ಜಾಸ್ತಿ ಬಂತು.

"ಲಗೇಜು ಬಿಟ್ಟು ಹೋದ್ರೆ?" ಅಂದೆ.

"ಅದು ಮೂವತ್ತೇ. ಇನ್ನೂ ಹತ್ತು ಬೇಕು."

"ಹತ್ತು ತಾನೇ..."

ಇಬ್ಬರೂ ಒಟ್ಟಿಗೆ ನನ್ನ ಹೊಟ್ಟೆ ನೋಡಿದರು. ನಾನು ವಾಕ್ಯ ಮುಗಿಸಲಿಲ್ಲ.

ತೀರ್ಮಾನ ಬಂದ ದಿನವೇ ಆಗಿತ್ತಂತೆ, ನನಗೆ ಹೇಳಿರಲಿಲ್ಲ ಅಷ್ಟೇ. ಎರಡು ಕಂತು. ಮೊದಲು ಅಮ್ಮನನ್ನು ಕರೆದುಕೊಂಡು ಹೋಗಿ, ಅರ್ಧ ಗಂಟೆಯೊಳಗಿನ ದಾರಿಯಾದ ಮೆಕಾಲ್‌ನಲ್ಲಿ ಇಳಿಸುವುದು. ಅಲ್ಲಿ ಉದ್ದ ಡಾಂಬರಿದೆ, ಪೆಟ್ರೋಲಿದೆ, ಕಾಫಿಯಿದೆ. ಆಮೇಲೆ ಬಂದು ನನ್ನನ್ನೂ ಚೀಲಗಳನ್ನೂ ಒಯ್ಯುವುದು. ಅಮ್ಮ ಈ ಸಲ ಮುಂದಿನ ಬಲ ಸೀಟಿನಲ್ಲಿ, ಅಂದರೆ ನನ್ನ ಹುದ್ದೆಯಲ್ಲಿ, ಸೆರಗು ಸಿಕ್ಕಿಸಿಕೊಂಡು ಕೂತಳು. ಎದುರಿಗೆ ಇನ್ನೊಂದು ಹಿಡಿಕೆ, ಅದರ ಮೇಲೆ ಪುಟ್ಟ ಗುಂಡಿ. "ಇದೆಂತದು?" ಅಂತ ಕೇಳುತ್ತಿದ್ದದ್ದು ಕಂಡಿತು. ಎಂಜಿನ್ ಸದ್ದಿಗೆ ಉತ್ತರ ಕೇಳಲಿಲ್ಲ. ಹುಲ್ಲಿನ ಮೇಲೆ ಓಡಿ, ಅರ್ಧಕ್ಕೂ ಮೊದಲೇ ನೆಲ ಬಿಟ್ಟು, ಕಣಿವೆಯ ಬಲ ಪಕ್ಕಕ್ಕೆ ಸರಿದು ಅವರಿಬ್ಬರೂ ಹೋದರು. ನನ್ನನ್ನು ಕಳೆದ ವಿಮಾನ ಅಷ್ಟು ಚೆಂದ ಏರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಚೀಲಗಳ ರಾಶಿಯ ಪಕ್ಕ ನಿಂತಿದ್ದೆ. ದೊಡ್ಡ ದೊಡ್ಡ ಟೈರಿನ ಹಳದಿ ಸೂಪರ್ ಕಬ್ ವಿಮಾನದ ಪಕ್ಕ ಕಾಫಿ ಕುಡಿಯುತ್ತಿದ್ದ ಅಜ್ಜ, ಕೈಯಲ್ಲಿ ಪುಟ್ಟ ರೇಡಿಯೊ ಹಿಡಿದುಕೊಂಡು ಬಂದರು. ನೀವು ಪೈಲಟ್ಟೇ ಅಂದರು. ಅಲ್ಲ, ಎರಡನೇ ಕಂತು ಅಂದೆ. ಅವರು ತಲೆಯಾಡಿಸಿ ಪಕ್ಕದಲ್ಲಿ ನಿಂತರು. ರೇಡಿಯೊದಲ್ಲಿ ಮೊದಲು ಹೆಂಡತಿಯ ಇಂಗ್ಲಿಷ್ ಬಂತು, ಜಾನ್ಸನ್ ಕ್ರೀಕ್ ಬಿಟ್ಟಿದ್ದೇವೆ, ಉತ್ತರಕ್ಕೆ ಏರುತ್ತಿದ್ದೇವೆ. ಆಮೇಲೆ ಒಂದು ಕ್ಷಣ ಬರೀ ಗರಗರ. ಆಮೇಲೆ ಆ ಸೀಮೆಯ ಕಣಿವೆಗಳಿಗೆಲ್ಲ ಕೇಳುವಂತೆ ನಮ್ಮಮ್ಮನ ದನಿ:

"ಮಗಾ, ಕೇಳ್ತದನಾ? ಕುಕ್ಕರ್ ವೆಯ್ಟ್ ತೊಳ್ದು ಮೇಜಿನ ಮೇಲೆ ಇಟ್ಟಿದೀನಿ, ಮರೀಬೇಡ ಮಾರಾಯ!"

ಯಾರೂ ಮಾತಾಡಲಿಲ್ಲ. ಅಜ್ಜ ರೇಡಿಯೊ ಕಿವಿಗೆ ಹತ್ತಿರ ಹಿಡಿದು ಹುಬ್ಬು ಗಂಟಿಕ್ಕಿದರು.

"ವೆಯ್ಟ್ ಅಂದರಲ್ಲ. ಎಷ್ಟು ವ್ಯತ್ಯಾಸ ಬಂತಂತೆ?"

ನಾನು ಮೇಜಿನ ಹತ್ತಿರ ಹೋಗಿ ಅದನ್ನು ಎತ್ತಿ ಅಂಗೈಯಲ್ಲಿ ಅಂದಾಜು ಮಾಡಿದೆ.

"ನೂರು ಗ್ರಾಂ," ಅಂದೆ.

ಅಜ್ಜ ಗುಡ್ಡದಾಚೆ ಮರೆಯಾಗುತ್ತಿದ್ದ ವಿಮಾನವನ್ನು ನೋಡಿ ಟೋಪಿ ಮುಟ್ಟಿಕೊಂಡರು. "ಅಂಥ ಪೈಲಟ್ಟುಗಳು ಈಗ ಸಿಗುವುದಿಲ್ಲ," ಅಂದರು. ಆಮೇಲೆ ನನ್ನ ಕಡೆ ತಿರುಗಿ, ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ನಿಮ್ಮನ್ನು ಯಾಕೆ ಬಿಟ್ಟು ಹೋದರು ಅಂತ ಈಗ ಗೊತ್ತಾಯಿತು," ಅಂದರು.